ಗೋಡೆ ಕಟ್ಟಿದವರೇ ಬಾಗಿಲು ಕೊರೆದರು: ಶಾನ್ ಲೆಮಾಸ್

ಇಂಟರ್ನ್‌ಶಿಪ್‌ಗೆ ಅಂತ ಬೆಂಗಳೂರಿನ ಎಸ್‌ಇಝಡ್ ಕ್ಯಾಂಪಸ್ ಒಂದಕ್ಕೆ ಹೋಗಿಬಂದ ನಮ್ಮ ಸೀನಿಯರ್‌ಗಳನ್ನ ಕೇಳಿ ನೋಡಿ. ಗೇಟಿನಲ್ಲಿ ಸೆಕ್ಯೂರಿಟಿಯವರು ಲ್ಯಾಪ್‌ಟಾಪ್ ತೆಗೆಸಿ, ಬುಡ ಮೇಲೆ ಮಾಡಿ, ಸೀರಿಯಲ್ ನಂಬರ್ ಬರೆದುಕೊಳ್ಳುತ್ತಾರೆ. ಸಂಜೆ ಹೊರಗೆ ಬರುವಾಗ ಮತ್ತೆ ಅದೇ ನಂಬರ್ ತಾಳೆ ನೋಡುತ್ತಾರೆ. ಕಳ್ಳತನದ ಭಯಕ್ಕೆ ಇರಬೇಕು ಅಂತ ನಾವೆಲ್ಲ ಅಂದುಕೊಂಡಿದ್ದೆವು. ಅದಷ್ಟೇ ಅಲ್ಲ. ಸುಂಕದ ಲೆಕ್ಕದಲ್ಲಿ ಆ ಕಾಂಪೌಂಡಿನ ಒಳಗಿರೋದು ಪರದೇಶ ಇದ್ದ ಹಾಗೆ! ಒಳಗೆ ಸುಂಕ ಕಟ್ಟದೆ ಬಂದ ಸಾಮಾನು ಸುಂಕ ಕಟ್ಟದೆ ಊರೊಳಗೆ ಹೋಗಬಾರದು ಅನ್ನೋದಕ್ಕೆ ಆ ರಿಜಿಸ್ಟರು.

ಈ ವಿಚಿತ್ರ ಏರ್ಪಾಡು ಎಲ್ಲಿಂದ ಬಂತು ಅಂತ ಕ್ಲಬ್ಬಿನ ನಾವು ನಾಲ್ಕೈದು ಜನ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಐರ್ಲೆಂಡಿನ ಪಶ್ಚಿಮ ತುದಿಯ ಒಂದು ವಿಮಾನ ನಿಲ್ದಾಣ. ಅದರ ಹಿಂದೆ ಬಂದು ನಿಂತವರು ಶಾನ್ ಲೆಮಾಸ್. ಟೋಪಿ ಅಂಗಡಿಯವರ ಮಗ, ಹದಿನಾರಕ್ಕೆ ಬಂದೂಕು ಹಿಡಿದವರು, ಮೂವತ್ತೆರಡಕ್ಕೆ ಮಂತ್ರಿ, ಐವತ್ತೊಂಬತ್ತಕ್ಕೆ ಪ್ರಧಾನಿ. ಬಂದರು, ಮುಕ್ತ ವಲಯ ಅಂದರೆ ಹಡಗು, ಕ್ರೇನು, ಕಂಟೇನರು ನೆನಪಾಗುತ್ತವೆ. ಈ ಕತೆಯಲ್ಲಿ ಅವೇನೂ ಇಲ್ಲ. ಇರೋದು ಜೌಗು ನೆಲ, ಖಾಲಿಯಾಗುತ್ತಿದ್ದ ಹಳ್ಳಿಗಳು, ಮತ್ತು ತಾನೇ ಕಟ್ಟಿದ ಗೋಡೆಯಲ್ಲಿ ತಾನೇ ಬಾಗಿಲು ಕೊರೆಯಬೇಕಾಗಿ ಬಂದ ಒಬ್ಬ ಮನುಷ್ಯ.

ಲೆಮಾಸ್ ಹುಟ್ಟಿದ್ದು 1899ರ ಜುಲೈ 15ರಂದು, ಡಬ್ಲಿನ್ ಬಳಿಯ ಬ್ಯಾಲಿಬ್ರ್ಯಾಕ್‌ನಲ್ಲಿ. ತಂದೆಗೆ ಡಬ್ಲಿನ್‌ನ ಕೇಪಲ್ ಬೀದಿಯಲ್ಲಿ ಟೋಪಿ ಅಂಗಡಿ. ಹುಡುಗ ಲೆಕ್ಕದಲ್ಲಿ ಚುರುಕು. ಆದರೆ ಕಾಲ ಪುಸ್ತಕದ ಕಾಲ ಆಗಿರಲಿಲ್ಲ. ಐರ್ಲೆಂಡ್ ಬ್ರಿಟಿಷರ ಕೈಕೆಳಗಿತ್ತು, ಊರಿನ ಹುಡುಗರೆಲ್ಲ ಸ್ವಯಂಸೇವಕ ದಳ ಸೇರುತ್ತಿದ್ದರು, ಈತನೂ ಸೇರಿದ. 1916ರ ಜನವರಿಯಲ್ಲಿ ಮನೆಯಲ್ಲಿ ರಿವಾಲ್ವರ್ ಕೈಯಲ್ಲಿದ್ದಾಗ ಗುಂಡು ಹಾರಿತು. ಎರಡು ವರ್ಷ ಕೂಡ ತುಂಬದ ತಮ್ಮ ಹರ್ಬರ್ಟ್ ಸತ್ತುಹೋದ. ಶಾನ್‌ಗೆ ಆಗ ಹದಿನಾರು. ಅದಾದ ಮೂರು ತಿಂಗಳಿಗೆ ಈಸ್ಟರ್ ದಂಗೆ. ಅಣ್ಣ ನೋಯೆಲ್ ಜೊತೆ ಗುಡ್ಡ ಸುತ್ತಲು ಹೋಗಿದ್ದಾಗ ದಂಗೆ ಶುರುವಾದ ಸುದ್ದಿ ಗೊತ್ತಾಗಿ, ಮಾರನೇ ದಿನ ಮನೆಯಿಂದ ಜಾರಿ ಹೋಗಿ ಡಬ್ಲಿನ್‌ನ ದೊಡ್ಡ ಅಂಚೆ ಕಚೇರಿಯಲ್ಲಿದ್ದ ಬಂಡಾಯಗಾರರ ಜೊತೆ ಸೇರಿಕೊಂಡ. ಸೋತು ಶರಣಾದ ಮೇಲೆ, ಇನ್ನೂ ಹುಡುಗ ಅಂತ ಬಿಟ್ಟು ಕಳಿಸಿದರು.

ಮುಂದಿನ ಏಳು ವರ್ಷ ಅಂಗಡಿ, ಭೂಗತ ಕೆಲಸ, ಜೈಲು, ಮತ್ತೆ ಜೈಲು. ಸ್ವಾತಂತ್ರ್ಯ ಬಂತು, ಆದರೆ ಅರ್ಧ ಬಂತು. ಒಪ್ಪಂದ ಒಪ್ಪಿದವರಿಗೂ ಒಪ್ಪದವರಿಗೂ ನಡುವೆ ಅಂತರ್ಯುದ್ಧ ಹತ್ತಿಕೊಂಡಿತು. ಲೆಮಾಸ್ ಒಪ್ಪದವರ ಕಡೆ ನಿಂತರು, ಸೋತರು. ಯುದ್ಧ ಮುಗಿದ ಮೇಲೆ, 1923ರ ಜುಲೈನಲ್ಲಿ, ಅಣ್ಣ ನೋಯೆಲ್‌ನನ್ನು ಹಾಡಹಗಲೇ ಯಾರೋ ಎತ್ತಿಕೊಂಡು ಹೋದರು. ಅಕ್ಟೋಬರ್‌ನಲ್ಲಿ ಡಬ್ಲಿನ್ ಗುಡ್ಡಗಳಲ್ಲಿ ಹೆಣ ಸಿಕ್ಕಿತು. ಈ ಎರಡು ಸಾವುಗಳ ಬಗ್ಗೆಯಾಗಲಿ, ತಾವು ಬಂದೂಕು ಹಿಡಿದ ದಿನಗಳ ಬಗ್ಗೆಯಾಗಲಿ ಲೆಮಾಸ್ ಆಮೇಲೆ ಬಾಯಿ ಬಿಟ್ಟು ಮಾತಾಡಿದ್ದು ಬಹಳ ಕಡಿಮೆ. ಹಳೆಯ ಯುದ್ಧದ ಕತೆ ಹೇಳಿಯೇ ವೋಟು ತೆಗೆದುಕೊಳ್ಳುವ ರಾಜಕಾರಣಿಗಳು ತುಂಬಿದ್ದ ದೇಶದಲ್ಲಿ ಇದು ಸಣ್ಣ ವಿಷಯ ಅಲ್ಲ. ಅವರ ಗಮನ ಬೇರೆ ಕಡೆ ಇತ್ತು. ಜೈಲಿನಲ್ಲಿ ಸಮಯ ಸಿಕ್ಕಾಗ ಅರ್ಥಶಾಸ್ತ್ರದ ಪುಸ್ತಕ ಓದಿದವರು ಅವರು.

1926ರಲ್ಲಿ ಡಿ ವಲೇರಾ ಹೊಸ ಪಕ್ಷ ಕಟ್ಟಿದಾಗ, ಅದನ್ನು ಊರೂರಿಗೆ ಒಯ್ದವರಲ್ಲಿ ಲೆಮಾಸ್ ಮುಖ್ಯರು. ಹಳೇ ಕಾರುಗಳಲ್ಲಿ ದೇಶವಿಡೀ ತಿರುಗಿದರು. ಆರೇ ವರ್ಷದಲ್ಲಿ ಪಕ್ಷ ಗೆದ್ದಿತು. 1932ರಲ್ಲಿ ಲೆಮಾಸ್ ಕೈಗಾರಿಕೆ ಮತ್ತು ವಾಣಿಜ್ಯ ಮಂತ್ರಿ.

ಇಲ್ಲಿಂದ ಗೋಡೆಯ ಕತೆ. ಹೊಸ ದೇಶ, ಹೇಳಿಕೊಳ್ಳುವಂಥ ಕಾರ್ಖಾನೆ ಇಲ್ಲ, ಬೂಟಿನಿಂದ ಹಿಡಿದು ಬಿಸ್ಕತ್ತಿನವರೆಗೆ ಬಹುಪಾಲು ಬ್ರಿಟನ್ನಿನ ಸಾಮಾನು. ಹಾಗಾದರೆ ಹೊರಗಿನ ಸಾಮಾನಿಗೆ ಜೋರಾಗಿ ಸುಂಕ ಹಾಕೋಣ, ಆಗ ಒಳಗೇ ತಯಾರಿ ಶುರುವಾಗುತ್ತೆ ಅನ್ನೋದು ಲೆಕ್ಕ. ಲೆಮಾಸ್ ಸುಂಕದ ಮೇಲೆ ಸುಂಕ ಹಾಕಿದರು. ಅಷ್ಟಕ್ಕೇ ನಿಲ್ಲಲಿಲ್ಲ. ಪರದೇಶದ ಕಂಪನಿ ಒಳಗೇ ಬಂದು ಕಾರ್ಖಾನೆ ಹಾಕಿಬಿಟ್ಟರೆ? ಅದಕ್ಕೂ 1932ರಲ್ಲಿ, ಮತ್ತೆ 1934ರಲ್ಲಿ ಕಾನೂನು ಬಂತು: ಹೊಸ ಕಾರ್ಖಾನೆಯ ಹೆಚ್ಚಿನ ಪಾಲು ಐರಿಶ್ ಜನರ ಕೈಯಲ್ಲೇ ಇರಬೇಕು. ಜೊತೆಗೆ ಸರ್ಕಾರವೇ ಕಂಪನಿಗಳನ್ನ ಕಟ್ಟಿತು. ಸಕ್ಕರೆಗೆ ಒಂದು, ಉರುವಲಿಗೆ ಬೇಕಾದ ಪೀಟ್ ಮಣ್ಣು ತೆಗೆಯಲು ಒಂದು, 1936ರಲ್ಲಿ ವಿಮಾನಕ್ಕೆ ಏರ್ ಲಿಂಗಸ್. ನಮ್ಮ ಅಜ್ಜಂದಿರ ಕಾಲದ ಭಾರತ ನೆನಪಾಗುತ್ತೆ ಅಲ್ವಾ?

ಮೊದಮೊದಲು ಗೋಡೆ ಕೆಲಸ ಮಾಡಿತು. ಸಣ್ಣ ಸಣ್ಣ ಕಾರ್ಖಾನೆಗಳು ಎದ್ದವು, ಕೆಲಸಗಳೂ ಹುಟ್ಟಿದವು. ಎರಡನೇ ಮಹಾಯುದ್ಧ ಬಂದಾಗ ಐರ್ಲೆಂಡ್ ಯಾರ ಕಡೆಗೂ ಸೇರದೆ ಉಳಿಯಿತು. ಲೆಮಾಸ್ ಸರಬರಾಜು ಮಂತ್ರಿಯಾಗಿ ಇಡೀ ದೇಶಕ್ಕೆ ರೇಷನ್ ಹಂಚಬೇಕಾಯಿತು. ಚಹಾ ಇಲ್ಲದೆ ಬದುಕದ ಜನಕ್ಕೆ ಒಂದು ಹಂತದಲ್ಲಿ ವಾರಕ್ಕೆ ತಲಾ ಅರ್ಧ ಔನ್ಸ್, ಅಂದರೆ ಸುಮಾರು 14 ಗ್ರಾಂ ಚಹಾಪುಡಿ. ಬೈಸಿಕೊಂಡರು, ಆದರೆ ದೇಶ ಹಸಿದು ಸಾಯಲಿಲ್ಲ.

ಕೆಟ್ಟದ್ದು ಶುರುವಾಗಿದ್ದು ಶಾಂತಿಯ ಕಾಲದಲ್ಲಿ. ಪುಟ್ಟ ಮಾರುಕಟ್ಟೆ, ಮೂವತ್ತು ಲಕ್ಷವೂ ಇಲ್ಲದ ಜನ. ಗೋಡೆಯೊಳಗಿನ ಕಾರ್ಖಾನೆಗಳು ಆ ಮಾರುಕಟ್ಟೆ ತುಂಬುವವರೆಗೆ ಬೆಳೆದವು, ಆಮೇಲೆ ನಿಂತವು. ಹೊರಗೆ ಮಾರುವ ತಾಕತ್ತು ಅವಕ್ಕೆ ಬಂದಿರಲಿಲ್ಲ. ಸ್ಪರ್ಧೆಯೇ ಇಲ್ಲದೆ ಬೆಳೆದವಕ್ಕೆ ಹೇಗೆ ಬರಬೇಕು? ಯೂರೋಪಿನ ಉಳಿದ ದೇಶಗಳು ಯುದ್ಧದ ಬೂದಿಯಿಂದ ಎದ್ದು ಓಡುತ್ತಿದ್ದಾಗ ಐರ್ಲೆಂಡಿನ ಯುವಕರು ಹಡಗು ಹತ್ತುತ್ತಿದ್ದರು. 1951ರಿಂದ 1961ರ ಹತ್ತು ವರ್ಷದಲ್ಲಿ ಸುಮಾರು 4 ಲಕ್ಷ ಜನ ದೇಶ ಬಿಟ್ಟರು. 1961ರ ಜನಗಣತಿಯಲ್ಲಿ ಉಳಿದಿದ್ದವರು 28 ಲಕ್ಷ ಚಿಲ್ಲರೆ. ಸ್ವತಂತ್ರ ದೇಶ ತನ್ನ ಮಕ್ಕಳನ್ನು ಹಳೇ ಯಜಮಾನನ ಮನೆಗೇ ಕೂಲಿಗೆ ಕಳಿಸಿತು ಅಂತ ಹೇಳಿದರೆ ಒರಟಾಗಬಹುದು, ಸುಳ್ಳಾಗಲ್ಲ.

ಪಶ್ಚಿಮದ ಜಿಲ್ಲೆಗಳ ಗತಿ ಇನ್ನೂ ಕೆಟ್ಟದು. ಕ್ಲೇರ್ ಅಂತ ಒಂದು ಕೌಂಟಿ, ನಮ್ಮ ಲೆಕ್ಕದಲ್ಲಿ ಒಂದು ಜಿಲ್ಲೆ ಅನ್ನಿ. 1841ರಲ್ಲಿ ಅಲ್ಲಿ 2 ಲಕ್ಷ 86 ಸಾವಿರ ಜನ ಇದ್ದರು. ಆಲೂಗಡ್ಡೆ ಬರಗಾಲದ ನಂತರ ಒಂದೊಂದು ಗಣತಿಗೂ ಸಂಖ್ಯೆ ಇಳಿಯುತ್ತಲೇ ಹೋಯಿತು. 1961ಕ್ಕೆ ಸುಮಾರು 74 ಸಾವಿರ. ಬ್ರಿಟಿಷರ ಕಾಲದಲ್ಲೂ ಇಳಿಯಿತು, ಸ್ವರಾಜ್ಯದಲ್ಲೂ ಇಳಿಯಿತು.

ಇದೇ ಕ್ಲೇರ್‌ನಲ್ಲಿ, ಶ್ಯಾನನ್ ನದಿ ಕಡಲು ಸೇರುವ ಅಗಲವಾದ ಅಳಿವೆಯ ದಡದಲ್ಲಿ, ಶ್ಯಾನನ್ ವಿಮಾನ ನಿಲ್ದಾಣ. ಅದಕ್ಕೂ ಮುಂಚೆ ಅಳಿವೆಯ ಆಚೆ ದಡದ ಫಾಯ್ನ್ಸ್‌ನಲ್ಲಿ ನೀರಿನ ಮೇಲೆ ಇಳಿಯುವ ವಿಮಾನಗಳು ಬರುತ್ತಿದ್ದವು. ಭೂಪಟ ತೆಗೆದು ನೋಡಿ: ಅಮೆರಿಕದಿಂದ ಅಟ್ಲಾಂಟಿಕ್ ದಾಟಿ ಬರುವ ವಿಮಾನಕ್ಕೆ ಯೂರೋಪಿನ ಮೊದಲ ನೆಲ ಸಿಗೋದೇ ಅಲ್ಲಿ. ಪ್ರೊಪೆಲ್ಲರ್ ವಿಮಾನಗಳ ಟ್ಯಾಂಕು ಅಷ್ಟು ಹೊತ್ತಿಗೆ ಒಣಗಿರುತ್ತಿತ್ತು. ಹಾಗಾಗಿ ಎಲ್ಲರೂ ಇಳಿಯಲೇಬೇಕು, ಇಂಧನ ತುಂಬಿಸಿಕೊಳ್ಳಲೇಬೇಕು. ಜೌಗು ನೆಲವನ್ನು ಒಣಗಿಸಿ ರನ್‌ವೇ ಮಾಡಿದರು, ಫಿಲ್ಮ್ ಸ್ಟಾರ್‌ಗಳು, ರಾಜಕಾರಣಿಗಳು, ಹಣವಂತರು ನಡುರಾತ್ರಿ ಇಳಿದು ಒಂದು ಗಂಟೆ ಕಾಲ ಕಳೆದು ಹೋಗುತ್ತಿದ್ದರು.

ಆ ಒಂದು ಗಂಟೆಯನ್ನು ದುಡ್ಡಾಗಿ ಮಾಡಿದವರು ಬ್ರೆಂಡನ್ ಓ'ರೀಗನ್. ಕ್ಲೇರ್‌ನವರೇ, ಹೋಟೆಲ್ ನಡೆಸುವ ಮನೆಯಲ್ಲಿ ಹುಟ್ಟಿದವರು, ನಿಲ್ದಾಣದ ಊಟೋಪಚಾರದ ಉಸ್ತುವಾರಿ ಅವರದು. ಇಳಿದ ಪ್ರಯಾಣಿಕ ಐರ್ಲೆಂಡಿನೊಳಗೆ ಕಾಲಿಡದೆ ಮತ್ತೆ ವಿಮಾನ ಹತ್ತುತ್ತಾನೆ ಅಂದಮೇಲೆ ಅವನಿಗೆ ಐರ್ಲೆಂಡಿನ ತೆರಿಗೆ ಯಾಕೆ ಅನ್ನೋದು ಅವರ ತರ್ಕ. 1947ರಲ್ಲಿ ಅದಕ್ಕಾಗಿಯೇ ಕಾನೂನು ಆಯಿತು, ಜಗತ್ತಿನ ಮೊದಲ ಡ್ಯೂಟಿ ಫ್ರೀ ಅಂಗಡಿ ಶ್ಯಾನನ್‌ನಲ್ಲಿ ಶುರುವಾಯಿತು. ಆಗಲೂ ಕೈಗಾರಿಕಾ ಮಂತ್ರಿ ಲೆಮಾಸ್ ಅವರೇ. ಇವತ್ತು ದುಬೈಯಿಂದ ಬರುವ ಮಾವ ತರುವ ತ್ರಿಕೋನದ ಚಾಕೊಲೇಟಿನ ಮೂಲ ಅಲ್ಲಿದೆ. ಗೋಡೆಯ ಯಜಮಾನರು ಅರಿವಿದ್ದೋ ಇಲ್ಲದೆಯೋ ಗೋಡೆಯಲ್ಲಿ ಮೊದಲ ಕಿಂಡಿ ಕೊರೆದದ್ದು ಹೀಗೆ.

ಆಮೇಲೆ ಬಂದವು ಜೆಟ್‌ಗಳು. ಜೆಟ್ ವಿಮಾನಕ್ಕೆ ನ್ಯೂಯಾರ್ಕ್‌ನಿಂದ ಲಂಡನ್ನಿಗೋ ಪ್ಯಾರಿಸ್ಸಿಗೋ ನೇರ ಹಾರುವ ಶಕ್ತಿ ಇರುತ್ತೆ, ಶ್ಯಾನನ್ ಕೆಳಗೆ ಮೋಡದಲ್ಲಿ ಮರೆಯಾಗಿ ಹೋಗುತ್ತೆ. 1950ರ ದಶಕದ ನಡುವೆಯೇ ಇದು ಬರುತ್ತೆ ಅಂತ ಎಲ್ಲರಿಗೂ ಕಾಣಿಸುತ್ತಿತ್ತು. 1958ರ ಅಕ್ಟೋಬರ್‌ನಲ್ಲಿ ಅಟ್ಲಾಂಟಿಕ್ ಮೇಲೆ ಜೆಟ್ ಸೇವೆ ಶುರುವಾಗೇ ಹೋಯಿತು. ಒಂದು ತಾಂತ್ರಿಕ ಕೊರತೆಯ ಮೇಲೆ ನಿಂತಿದ್ದ ಊರು ಆ ಕೊರತೆ ನೀಗಿದ ದಿನ ಏನು ಮಾಡಬೇಕು? ನಾವು ಎಂಜಿನಿಯರಿಂಗ್ ಓದುವವರು ಈ ಪ್ರಶ್ನೆಯನ್ನ ಸ್ವಲ್ಪ ಹೊತ್ತು ಮನಸ್ಸಲ್ಲಿ ಇಟ್ಟುಕೊಳ್ಳಬೇಕು. ಎಂಜಿನ್ ಚೆನ್ನಾದಾಗ ಯಾರದ್ದೋ ಅನ್ನ ಹೋಗುತ್ತೆ. ನಮ್ಮ ಸಿಲಬಸ್ಸಿನಲ್ಲಿ ಎಂಜಿನ್ನಿನ ಎಫಿಶಿಯೆನ್ಸಿ ಇದೆ, ಆ ಅನ್ನದ ಲೆಕ್ಕ ಇಲ್ಲ.

ಲೆಮಾಸ್‌ಗೆ ಅಷ್ಟು ಹೊತ್ತಿಗೆ ಗೋಡೆಯ ಬಗ್ಗೆ ಅನುಮಾನ ಹುಟ್ಟಿತ್ತು. 1954ರಿಂದ 1957ರವರೆಗೆ ಅವರ ಪಕ್ಷ ವಿರೋಧ ಪಕ್ಷದಲ್ಲಿ ಕೂತಿತ್ತು. ಆ ವರ್ಷಗಳು ಅವರಿಗೆ ಮತ್ತೊಂದು ಓದಿನ ಕಾಲವಾದವು ಅನ್ನಿಸುತ್ತೆ. 1955ರಲ್ಲಿ ಡಬ್ಲಿನ್‌ನ ಕ್ಲೆರೀಸ್ ಸಭಾಂಗಣದಲ್ಲಿ ಒಂದು ಲಕ್ಷ ಹೊಸ ಕೆಲಸ ಹುಟ್ಟಿಸುವ ಯೋಜನೆ ಮಂಡಿಸಿ ನಗೆಪಾಟಲಾಗುವ ಧೈರ್ಯ ಮಾಡಿದರು. ಅತ್ತ ಎದುರಾಳಿ ಸರ್ಕಾರವೇ 1956ರಲ್ಲಿ ರಫ್ತಿನ ಲಾಭಕ್ಕೆ ತೆರಿಗೆ ರಿಯಾಯಿತಿ ತಂದಿತ್ತು. 1957ರಲ್ಲಿ ಅಧಿಕಾರಕ್ಕೆ ಮರಳಿದಾಗ, ಇದು ಅವರು ತಂದಿದ್ದು ಅಂತ ಲೆಮಾಸ್‌ರ ಪಕ್ಷ ಅದನ್ನ ಕಿತ್ತು ಬಿಸಾಕಲಿಲ್ಲ. ಬದಲಿಗೆ ಇನ್ನೂ ದೊಡ್ಡದು ಮಾಡಿತು. ಇಂಥದ್ದನ್ನ ನೋಡಿ ಅಭ್ಯಾಸ ಇಲ್ಲದ ನಮಗೆ ಇದೇ ಒಂದು ಸೋಜಿಗ.

ಮತ್ತೆ ಕೈಗಾರಿಕಾ ಮಂತ್ರಿಯಾದ ಲೆಮಾಸ್ ಶ್ಯಾನನ್ ಉಳಿಸುವ ಕೆಲಸವನ್ನ ಓ'ರೀಗನ್ ಕೈಗೆ ಕೊಟ್ಟರು. 1957ರಲ್ಲಿ ಶ್ಯಾನನ್ ಅಭಿವೃದ್ಧಿಗಾಗಿಯೇ ಒಂದು ಸಂಸ್ಥೆ, ಓ'ರೀಗನ್ ಅಧ್ಯಕ್ಷರು. 1959ರಲ್ಲಿ ಅದಕ್ಕೆ ಪ್ರತ್ಯೇಕ ಕಾಯ್ದೆಯ ಬಲವೂ ಬಂತು. ಉಪಾಯ ಇಷ್ಟು: ಪ್ರಯಾಣಿಕನಿಗೆ ಇದ್ದ ಸೌಲಭ್ಯವನ್ನ ಕಾರ್ಖಾನೆಗೂ ಕೊಡೋದು. ವಿಮಾನ ನಿಲ್ದಾಣದ ಪಕ್ಕದ ನೆಲಕ್ಕೆ ಬೇಲಿ ಹಾಕಿ, ಸುಂಕದ ಮಟ್ಟಿಗೆ ಅದು ಐರ್ಲೆಂಡಿನ ಹೊರಗೆ ಅಂತ ಸಾರೋದು.

ಇದು ಹೇಗೆ ಕೆಲಸ ಮಾಡುತ್ತೆ ಅಂತ ಒಂದು ಟ್ರಾನ್ಸಿಸ್ಟರ್ ರೇಡಿಯೊ ಇಟ್ಟುಕೊಂಡು ನೋಡೋಣ. ಬಿಡಿಭಾಗ ಹೊರದೇಶದಿಂದ ಬರುತ್ತೆ, ಜೋಡಿಸಿದ ರೇಡಿಯೊ ಮತ್ತೆ ಹೊರದೇಶಕ್ಕೇ ಹೋಗುತ್ತೆ. ಗೋಡೆಯೊಳಗೆ ಈ ಕೆಲಸ ಮಾಡಿದರೆ 100 ರೂಪಾಯಿಯ ಬಿಡಿಭಾಗಕ್ಕೆ 30 ರೂಪಾಯಿ ಸುಂಕ ಅಂತಿಟ್ಟುಕೊಳ್ಳಿ. ಆ ಮೂವತ್ತನ್ನ ಮೊದಲು ಕಟ್ಟಬೇಕು, ರಫ್ತಾದ ಮೇಲೆ ಅರ್ಜಿ ಹಾಕಿ ವಾಪಸ್ ಪಡೀಬೇಕು. ಅಷ್ಟು ದಿನ ದುಡ್ಡು ಸಿಕ್ಕಿಕೊಂಡಿರುತ್ತೆ, ಗುಮಾಸ್ತರ ಸಂಬಳ ಬೇರೆ. ಬೇಲಿಯೊಳಗೆ ಈ ತಾಪತ್ರಯವೇ ಇಲ್ಲ. ಸುಂಕ ಹುಟ್ಟೋದೇ ಸಾಮಾನು ಬೇಲಿ ದಾಟಿ ಐರ್ಲೆಂಡಿನೊಳಗೆ ಬಂದಾಗ. ಇದರಲ್ಲಿ ಇನ್ನೊಂದು ಜಾಣತನ ಇದೆ. ಒಳಗೆ ತಯಾರಾದದ್ದು ಹೊರಗೇ ಹೋಗಬೇಕಾದ್ದರಿಂದ, ಗೋಡೆಯ ಆಸರೆಯಲ್ಲಿ ಬದುಕಿದ್ದ ಹಳೇ ಐರಿಶ್ ಕಾರ್ಖಾನೆಗಳಿಗೆ ತಕ್ಷಣದ ಪೆಟ್ಟು ಬೀಳಲಿಲ್ಲ. ಗೋಡೆ ಒಡೆಯದೆ ಬಾಗಿಲು ಇಟ್ಟುನೋಡುವ ಪ್ರಯೋಗ ಅದು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಇಡೀ ಸರ್ಕ್ಯೂಟ್ ಬಿಚ್ಚದೆ ಒಂದು ಮೂಲೆಯಲ್ಲಿ ಟೆಸ್ಟ್ ಬೋರ್ಡ್ ಹಾಕಿದ ಹಾಗೆ.

ಜೊತೆಗೆ 1958ರಿಂದ 25 ವರ್ಷ ಲಾಭದ ಮೇಲೆ ತೆರಿಗೆ ಪೂರ್ತಿ ಮಾಫಿ. ಪರದೇಶದವರು ಕಾರ್ಖಾನೆ ಹಾಕಬಾರದು ಅಂದಿದ್ದ ಆ ಹಳೇ ಕಾನೂನುಗಳನ್ನ, ತಮ್ಮದೇ ಕಾನೂನುಗಳನ್ನ, ಲೆಮಾಸ್ 1958ರಲ್ಲಿ ಸಡಿಲಿಸಿದರು. 1964ರಲ್ಲಿ ಪೂರ್ತಿ ತೆಗೆದರು. ಇಪ್ಪತ್ತೈದು ವರ್ಷದ ಹಿಂದೆ ತಾವೇ ಕೈಯಾರೆ ಬರೆಸಿದ್ದನ್ನು ಅಳಿಸೋದು ಎಷ್ಟು ಕಷ್ಟ ಅಂತ, ಸೆಮಿಸ್ಟರ್ ಪೂರ್ತಿ ಬರೆದ ಕೋಡ್ ಅನ್ನು ಗೈಡ್ ಮಾತಿಗೆ ಡಿಲೀಟ್ ಮಾಡಿದವರಿಗೆ ಗೊತ್ತಿರುತ್ತೆ. ಇಲ್ಲಿ ಗೈಡ್ ಕೂಡ ಅವರೇ.

ತೆರಿಗೆ ಮಾಫಿ, ಸುಂಕ ಮಾಫಿ ಇಷ್ಟರಿಂದಲೇ ಶ್ಯಾನನ್ ಗೆದ್ದಿತು ಅಂತ ಹೇಳುವವರಿದ್ದಾರೆ. ನಮಗೆ ಹಾಗನ್ನಿಸೋದಿಲ್ಲ. ಖಾಲಿ ಬೇಲಿಗೆ ಯಾರು ಬರ್ತಾರೆ? ಅಭಿವೃದ್ಧಿ ಕಂಪನಿ ಗಿರಾಕಿ ಬರುವ ಮೊದಲೇ ಕಾರ್ಖಾನೆ ಶೆಡ್‌ಗಳನ್ನ ಕಟ್ಟಿ ಬಾಡಿಗೆಗೆ ಸಿದ್ಧ ಇಟ್ಟಿತು. ಯಂತ್ರ ಕೊಳ್ಳಲು, ಕೆಲಸಗಾರರಿಗೆ ತರಬೇತಿ ಕೊಡಲು ಸಹಾಯಧನ ಕೊಟ್ಟಿತು. ಜೋಡಣೆ ಕೆಲಸ ಅಂದರೇನು ಅಂತಲೇ ನೋಡಿರದ ರೈತರ ಮಕ್ಕಳು ಅಲ್ಲಿ ಸೋಲ್ಡರಿಂಗ್ ಕಲಿತರು. ವಿಮಾನ ಹತ್ತಿರವೇ ಇದ್ದುದರಿಂದ ಹಗುರವಾದ, ಬೆಲೆಬಾಳುವ ಸಾಮಾನು ಮಾಡುವವರಿಗೆ ಅದು ಹೇಳಿಮಾಡಿಸಿದ ಜಾಗ. ಜಪಾನಿನ ಸೋನಿ ಬಂದು ಟ್ರಾನ್ಸಿಸ್ಟರ್ ರೇಡಿಯೊ ಮಾಡಿತು. ಕೈಗಾರಿಕೆಗೆ ಬೇಕಾದ ವಜ್ರ ತಯಾರಿಸಲು ಡಿ ಬಿಯರ್ಸ್ ಬಂತು. ಹಾಲೆಂಡಿನ ರಿಪ್ಪೆನ್ ಪಿಯಾನೊ ಕೂಡ ಬಂತು. ಪಿಯಾನೊ ಹಗುರವೇನಲ್ಲ, ಆದರೂ ಬಂತು! ಕೆಲವೇ ವರ್ಷಗಳಲ್ಲಿ ಸಾವಿರಾರು ಜನ ಬೇಲಿಯೊಳಗೆ ಕೆಲಸಕ್ಕೆ ಹೋಗತೊಡಗಿದರು.

ಆಗ ಇನ್ನೊಂದು ಪ್ರಶ್ನೆ ಎದ್ದಿತು. ಇವರೆಲ್ಲ ಮಲಗೋದು ಎಲ್ಲಿ? ಹತ್ತಿರದ ಲಿಮರಿಕ್ ನಗರದಿಂದ ಬಸ್ಸಿನಲ್ಲಿ ಬಂದು ಹೋದರೆ ಸಾಕು ಅನ್ನೋ ವಾದವೂ ಇತ್ತು. ಕೊನೆಗೆ ಅಲ್ಲೇ ಊರು ಕಟ್ಟುವ ನಿರ್ಧಾರವಾಯಿತು. 1960ರ ದಶಕದ ಆರಂಭದಲ್ಲಿ ಡ್ರಂಗೀಲಿ ದಿಬ್ಬದ ಮೇಲೆ ಮೊದಲ ಮನೆಗಳು ಎದ್ದವು. ಹೀಗೆ ಹುಟ್ಟಿದ್ದು ಶ್ಯಾನನ್ ಪಟ್ಟಣ. ಹತ್ತಿರದ ಬನ್‌ರ್ಯಾಟಿ ಕೋಟೆಯಲ್ಲಿ 1963ರಿಂದ ಹಳೇ ಕಾಲದ ಶೈಲಿಯ ಔತಣ ಶುರುಮಾಡಿ, ವಿಮಾನದಲ್ಲಿ ಹಾದುಹೋಗುವವರನ್ನ ಇಳಿಸಿ ಉಳಿಸುವ ದಾರಿಯನ್ನೂ ಓ'ರೀಗನ್ ಹುಡುಕಿದರು. ಅದು ಸುಂಕಕ್ಕೆ ಸಂಬಂಧವಿಲ್ಲದ್ದು, ಆದರೆ ಅದೇ ತಲೆಯಿಂದ ಬಂದದ್ದು.

ಎಲ್ಲ ಚೆನ್ನಾಗಿತ್ತು ಅಂತ ಬರೆದರೆ ಪ್ಲೇಸ್‌ಮೆಂಟ್ ಬ್ರೋಷರ್ ಆಗಿಬಿಡುತ್ತೆ. ಸೋನಿ ಕೆಲವೇ ವರ್ಷಗಳಲ್ಲಿ ಬಾಗಿಲು ಹಾಕಿಕೊಂಡು ಹೋಯಿತು. ರಿಯಾಯಿತಿಗೆ ಬಂದವರು ರಿಯಾಯಿತಿ ಬೇರೆ ಕಡೆ ಸಿಕ್ಕರೆ ಅಲ್ಲಿಗೇ ಹೋಗ್ತಾರೆ ಅನ್ನೋ ಭಯ ಆ ಊರಿಗೆ ಹುಟ್ಟಿನಿಂದಲೂ ಇತ್ತು. 1968ರಲ್ಲಿ ಅಮೆರಿಕದ ದೊಡ್ಡ ಕಂಪನಿಯೊಂದರ ಎಲೆಕ್ಟ್ರಾನಿಕ್ಸ್ ಘಟಕ ಕಾರ್ಮಿಕ ಸಂಘವನ್ನ ಒಪ್ಪಿಕೊಳ್ಳಲು ನಿರಾಕರಿಸಿದಾಗ ಮುಷ್ಕರ ನಡೆದು, ಕೆಲಸಗಾರರನ್ನ ಒಯ್ಯುವ ಬಸ್ಸುಗಳಿಗೆ ಬೆಂಕಿ ಬಿತ್ತು. ಬೇಲಿಯೊಳಗೆ ಸುಂಕದ ಕಾನೂನು ನಡೆಯಲ್ಲ ಸರಿ, ದುಡಿಯುವವರ ಹಕ್ಕು ಕೂಡ ನಡೆಯಲ್ಲವಾ? ಈ ಪ್ರಶ್ನೆ ಶ್ಯಾನನ್‌ನಲ್ಲಿ ಎದ್ದದ್ದು ಆಮೇಲೆ ಜಗತ್ತಿನ ಎಷ್ಟೋ ಬೇಲಿಗಳ ಮುಂದೆ ಮತ್ತೆ ಮತ್ತೆ ಎದ್ದಿದೆ. ಮುಕ್ತ ವಲಯದ ಪರ ಮಾತಾಡುವವರು ಎಷ್ಟು ಕೆಲಸ ಅಂತ ಹೇಳುತ್ತಾರೆ, ಎಂಥ ಕೆಲಸ ಅನ್ನೋದಕ್ಕೆ ಬಂದಾಗ ಗಂಟಲು ಸರಿಮಾಡಿಕೊಳ್ಳುತ್ತಾರೆ.

ಬೇಲಿಗಳ ಸಂತತಿ ಮಾತ್ರ ಬೆಳೆಯಿತು. ನಮ್ಮ ದೇಶದಲ್ಲಿ ಮೊದಲನೆಯದು 1965ರಲ್ಲಿ ಗುಜರಾತಿನ ಕಾಂಡ್ಲಾದಲ್ಲಿ. ಕಛ್ ಕೂಡ ಕ್ಲೇರ್ ಹಾಗೇ ಹಿಂದುಳಿದ ಅಂಚಿನ ನಾಡು. 1980ರಲ್ಲಿ ಚೀನಾದ ಅಧಿಕಾರಿಗಳ ತಂಡವೊಂದು ಇಂಥ ವಲಯಗಳನ್ನ ನೋಡುತ್ತಾ ಶ್ಯಾನನ್‌ಗೆ ಬಂತು. ಆ ತಂಡದಲ್ಲಿದ್ದ ಜಿಯಾಂಗ್ ಝೆಮಿನ್ ಮುಂದೆ ಚೀನಾದ ಅಧ್ಯಕ್ಷರಾದರು. ಅದೇ ವರ್ಷ ಶೆನ್‌ಝೆನ್ ವಿಶೇಷ ವಲಯ ಶುರುವಾಯಿತು, ಅದು ಏನಾಯಿತು ಅನ್ನೋದಕ್ಕೆ ನಿಮ್ಮ ಜೇಬಿನಲ್ಲಿರೋ ಫೋನೇ ಸಾಕ್ಷಿ ಇದ್ದೀತು. ನಮ್ಮ ಗೇಟಿನ ರಿಜಿಸ್ಟರ್ ಬಂದದ್ದು 2005ರ ಎಸ್‌ಇಝಡ್ ಕಾಯ್ದೆಯಿಂದ. ಬ್ರಿಟನ್ ಈಗ, 2021ರಿಂದ, ಉಕ್ಕಿನ ಕುಲುಮೆ ಆರಿಹೋದ ಟೀಸೈಡ್‌ನಂಥ ಕಡೆ ಫ್ರೀಪೋರ್ಟ್ ಅಂತ ಹೊಸದಾಗಿ ಶುರುಮಾಡಿದೆ. ಅಲ್ಲಿ ಹುಟ್ಟುವ ಕೆಲಸ ನಿಜವಾಗಿ ಹೊಸದೋ, ಪಕ್ಕದ ಊರಿನದನ್ನೇ ಎಳೆದು ತಂದದ್ದೋ ಅನ್ನೋ ಜಗಳ ನಡೀತಾನೇ ಇದೆ. ಶ್ಯಾನನ್‌ನ ಮಟ್ಟಿಗೆ ಈ ಜಗಳಕ್ಕೆ ಎಡೆ ಕಡಿಮೆ, ಯಾಕೆಂದರೆ ಎಳೆದು ತರಲು ಪಕ್ಕದ ಊರಿನಲ್ಲಿ ಅಂಥ ಕೆಲಸವೇ ಇರಲಿಲ್ಲ.

ಶ್ಯಾನನ್ ಮಾತ್ರ ಬರೀ ಜೋಡಣೆಗೆ ನಿಲ್ಲಲಿಲ್ಲ. ಲೆಮಾಸ್ ಕಾಲದ ಕೊನೆಗೆ, 1966ರಲ್ಲಿ, ಶಿಕ್ಷಣ ಮಂತ್ರಿ ಡೊನೊ ಓ'ಮ್ಯಾಲಿ ಪ್ರೌಢಶಾಲೆಯ ಓದು ಎಲ್ಲರಿಗೂ ಉಚಿತ ಅಂತ ಘೋಷಿಸಿಬಿಟ್ಟರು. ಹಣಕಾಸು ಇಲಾಖೆಗೆ ಹೇಳದೆಯೇ ಘೋಷಿಸಿದ್ದು, ಲೆಮಾಸ್ ಬೆಂಬಲ ಇಲ್ಲದೆ ಅದು ದಕ್ಕುತ್ತಿರಲಿಲ್ಲ. 1972ರಲ್ಲಿ ಲಿಮರಿಕ್‌ನಲ್ಲಿ ಉನ್ನತ ಶಿಕ್ಷಣ ಸಂಸ್ಥೆ ತೆರೆಯಿತು, ಇವತ್ತು ಅದು ವಿಶ್ವವಿದ್ಯಾಲಯ. 1975ರಲ್ಲಿ ಶ್ಯಾನನ್‌ನಲ್ಲಿ ವಿಮಾನಗಳನ್ನ ಗುತ್ತಿಗೆಗೆ ಕೊಡುವ ಕಂಪನಿಯೊಂದು ಹುಟ್ಟಿತು, ಆ ಕಸುಬು ಐರ್ಲೆಂಡಿನಲ್ಲಿ ಎಷ್ಟು ಬೇರು ಬಿಟ್ಟಿತೆಂದರೆ, ನಮ್ಮ ಕೆಂಪೇಗೌಡ ನಿಲ್ದಾಣದಿಂದ ಹಾರುವ ವಿಮಾನಗಳಲ್ಲೂ ಎಷ್ಟೋ ವಿಮಾನಗಳ ಮಾಲೀಕರು ಐರ್ಲೆಂಡಿನ ಗುತ್ತಿಗೆ ಕಂಪನಿಗಳೇ. ಯೂರೋಪಿನ ಒಕ್ಕೂಟ ಸೇರಿದ ಮೇಲೆ ಹಳೇ ತೆರಿಗೆ ಮಾಫಿ ಉಳಿಯಲಿಲ್ಲ. ಆದರೂ ಕಾರ್ಖಾನೆಗಳು ಎಲ್ಲಾ ಎದ್ದು ಹೋಗಲಿಲ್ಲ. ಕೆಲಸ ಬಲ್ಲ ಜನ ಅಷ್ಟು ಹೊತ್ತಿಗೆ ಅಲ್ಲಿ ಬೇರೂರಿದ್ದರು.

ಲೆಮಾಸ್ ಕಡೆಗೆ ಮರಳೋಣ. 1959ರ ಜೂನ್‌ನಲ್ಲಿ ಡಿ ವಲೇರಾ ರಾಷ್ಟ್ರಪತಿಯಾದರು, ಲೆಮಾಸ್ ಟೀಷಕ್ ಆದರು. ಅಲ್ಲಿ ಪ್ರಧಾನಿಯನ್ನ ಕರೆಯೋದೇ ಹಾಗೆ. ವರ್ಷಗಟ್ಟಲೆ ಎರಡನೆಯವರಾಗಿ ಕಾದು ಕೂತಿದ್ದ ಮನುಷ್ಯನಿಗೆ ಅವಸರ ಇತ್ತು. ಹಣಕಾಸು ಇಲಾಖೆಯ ಕಾರ್ಯದರ್ಶಿ ವಿಟಕರ್ ಎಂಬ ನಲವತ್ತರ ಪ್ರಾಯದ ಅಧಿಕಾರಿ 1958ರಲ್ಲಿ ದೇಶದ ಆರ್ಥಿಕತೆ ಬಗ್ಗೆ ಒಂದು ವರದಿ ಬರೆದಿದ್ದರು. ಗೋಡೆಯ ಕಾಲ ಮುಗಿಯಿತು, ಇನ್ನು ರಫ್ತು, ಹೊರಗಿನ ಬಂಡವಾಳ, ಮುಕ್ತ ವ್ಯಾಪಾರ ಅನ್ನೋದು ಅದರ ತಿರುಳು. ಲೆಮಾಸ್ ಅದನ್ನೇ ದಾರಿ ಮಾಡಿಕೊಂಡರು. ವರ್ಷಕ್ಕೆ ಶೇಕಡಾ 2ರ ಬೆಳವಣಿಗೆ ಗುರಿ ಇಟ್ಟಿದ್ದರೆ ಸುಮಾರು 4 ಬಂತು. 1965ರ ಜನವರಿಯಲ್ಲಿ ಬೆಲ್‌ಫಾಸ್ಟ್‌ಗೆ ಹೋಗಿ ಉತ್ತರ ಐರ್ಲೆಂಡಿನ ಪ್ರಧಾನಿ ಟೆರೆನ್ಸ್ ಓ'ನೀಲ್‌ರನ್ನ ಭೇಟಿಯಾದರು, ದೇಶ ಒಡೆದ ಮೇಲೆ ನಾಲ್ಕು ದಶಕದಲ್ಲಿ ಯಾರೂ ಮಾಡದ ಕೆಲಸ. ಅದೇ ವರ್ಷ ಡಿಸೆಂಬರ್‌ನಲ್ಲಿ ಬ್ರಿಟನ್ ಜೊತೆ ಮುಕ್ತ ವ್ಯಾಪಾರ ಒಪ್ಪಂದ. ಅಂಚೆ ಕಚೇರಿಯಲ್ಲಿ ಬಂದೂಕು ಹಿಡಿದು ನಿಂತಿದ್ದ ಹುಡುಗ, ಅರ್ಧ ಶತಮಾನದ ನಂತರ ಅದೇ ಬ್ರಿಟನ್ನಿಗೆ ಸುಂಕದ ಗೋಡೆ ಇಳಿಸುವ ಕಾಗದಕ್ಕೆ ಸಹಿ ಹಾಕಿದ.

ಇದರ ಬೆಲೆ ತೆತ್ತವರೂ ಇದ್ದರು. ಗೋಡೆಯ ಆಸರೆಯಲ್ಲಿ ಬೆಳೆದಿದ್ದ ಎಷ್ಟೋ ಹಳೇ ಕಾರ್ಖಾನೆಗಳು ಮುಕ್ತ ವ್ಯಾಪಾರ ಬಂದ ಮೇಲೆ ಒಂದೊಂದಾಗಿ ಮುಚ್ಚಿದವು. ಅವೆಲ್ಲ ಲೆಮಾಸ್ ತಮ್ಮ ಮೂವತ್ತರ ಪ್ರಾಯದಲ್ಲಿ ಸಾಕಿ ಬೆಳೆಸಿದ ಕೂಸುಗಳೇ.

ಪೈಪ್ ಬಾಯಿಂದ ಇಳಿಸದ ಮನುಷ್ಯ. ಇಸ್ಪೀಟು, ಕುದುರೆ ಜೂಜು ಇಷ್ಟ. ಸಭೆಗಳನ್ನ ಚಿಕ್ಕದಾಗಿ ಮುಗಿಸುವುದು ಇನ್ನೂ ಇಷ್ಟ. 1966ರ ನವೆಂಬರ್‌ನಲ್ಲಿ, ಯಾರೂ ತಳ್ಳದೆಯೇ ಕುರ್ಚಿ ಬಿಟ್ಟು ಎದ್ದರು. ವಯಸ್ಸಾಯಿತು, ಹುಡುಗರು ಬರಲಿ ಅನ್ನೋದು ಅವರ ನಿಲುವಾಗಿತ್ತು. ಆರೋಗ್ಯ ಆಗಲೇ ಕೆಟ್ಟಿತ್ತು. 1971ರ ಮೇ 11ರಂದು ಡಬ್ಲಿನ್‌ನಲ್ಲಿ ತೀರಿಕೊಂಡರು. ಎಪ್ಪತ್ತೊಂದು ವರ್ಷ.

ಅದಕ್ಕೆ ಕೆಲವೇ ವಾರ ಮುಂಚೆ, ಏಪ್ರಿಲ್‌ನಲ್ಲಿ, ಐರ್ಲೆಂಡಿನಲ್ಲಿ ಜನಗಣತಿ ನಡೆದಿತ್ತು. ಕ್ಲೇರ್ ಜಿಲ್ಲೆಯ ಮನೆಮನೆಗೂ ಗಣತಿದಾರರು ಹೋಗಿ ಬಂದಿದ್ದರು. ಲೆಕ್ಕ ಕೂಡಿಸಿದಾಗ ಬಂದ ಸಂಖ್ಯೆ 75 ಸಾವಿರ. ಹಿಂದಿನ ಗಣತಿಗಿಂತ ಸಾವಿರದ ನಾನೂರು ಚಿಲ್ಲರೆ ಹೆಚ್ಚು. 1841ರ ನಂತರ ಆ ಜಿಲ್ಲೆಯ ಸಂಖ್ಯೆ ಏರಿದ್ದು ಅದೇ ಮೊದಲು. ಅದು ಅಚ್ಚಾಗಿ ಹೊರಬರುವ ಹೊತ್ತಿಗೆ ಲೆಮಾಸ್ ಇರಲಿಲ್ಲ.